ಹೊಸ ಕ್ಯಾಮೆರಾ, ಅಮ್ಮನ ಕೈ

ಕೊನೆಗೂ ಫುಲ್ ಎಚ್‌ಡಿ ಕ್ಯಾಮೆರಾ ಮನೆಗೆ ಬಂತು. ಎರಡು ವರ್ಷ ಕೂಡಿಟ್ಟ ದುಡ್ಡು.

ಇಷ್ಟು ದಿನ ಮಿನಿ ಡಿವಿ ಕ್ಯಾಸೆಟ್‌ನಲ್ಲೇ ಕಿರುಚಿತ್ರ ಮಾಡುತ್ತಿದ್ದೆ. ಅದರ ಒಂದು ಫ್ರೇಮಿನಲ್ಲಿ 720 ಇಂಟು 576 ಪಿಕ್ಸೆಲ್. ಇದರಲ್ಲಿ 1920 ಇಂಟು 1080. ಲೆಕ್ಕ ಹಾಕಿದರೆ ಐದು ಪಟ್ಟು!

ಬೆಳಿಗ್ಗೆಯೇ ಹಾಸನದಿಂದ ಬಸ್ ಹತ್ತಿ ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ತೀರಾ ಕೆಳಗಿನ ಸಾಲು ಆನೆಗಳದ್ದು. ಹಳೇ ಕ್ಯಾಮೆರಾದಲ್ಲಿ ಅದು ಬರೀ ಕಪ್ಪು ಪಟ್ಟಿಯಂತೆ ಬರುತ್ತಿತ್ತು. ಇವತ್ತು ಒಂದೊಂದು ಸೊಂಡಿಲೂ ಬೇರೆ ಬೇರೆಯಾಗಿ ಕಂಡಿತು. ಬಳಪದ ಕಲ್ಲಿನ ಮೇಲಿನ ಸಣ್ಣ ಗೀರು ಕೂಡ. ಆದರೆ ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ತಕ್ಷಣ ಗೊತ್ತಾಗುತ್ತದೆ. ಕೈ ಇನ್ನೂ ಪಳಗಬೇಕು.

ಸಂಜೆ ಅಮ್ಮ ಕಿಟಕಿ ಪಕ್ಕ ಕೂತು ಹಿತಕಿದ ಬೇಳೆಗೆ ಅವರೆಕಾಳು ಹಿಸುಕುತ್ತಿದ್ದಳು. ಹತ್ತಿರದಿಂದ ತೆಗೆದೆ. ಸಿಪ್ಪೆಯಿಂದ ಕಾಳು ಪುಳಕ್ಕನೆ ಜಾರುವುದು, ಹೆಬ್ಬೆರಳಿನ ಸೀಳು, ಸವೆದ ಬಳೆ, ಎಲ್ಲಾ ಬಂತು. "ಒರಟು ಕೈ ಕಣೋ, ಇದನ್ನೇನು ತೆಗೀತೀಯ" ಅಂದಳು.

ಅಪ್ಪ ಇರುವುದು ಹಳೇ ಕ್ಯಾಸೆಟ್‌ನಲ್ಲಿ ಮಾತ್ರ. ಅವರ ಕೈಯ ಗೆರೆ ಅದರಲ್ಲಿ ಕಾಣುವುದಿಲ್ಲ. ಧ್ವನಿ ಮಾತ್ರ ಚೆನ್ನಾಗಿದೆ, ಅಷ್ಟೂ ಸಾಕು ಅನ್ನಿಸುತ್ತದೆ ಒಂದೊಂದು ಸಲ.

ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಹಾಕಲು ಒಂದು ಗಂಟೆಯೇ ಬೇಕು. ಒಟ್ಟು ಹದಿನಾಲ್ಕು ಇವೆ. ಭಾನುವಾರ ಶುರು ಮಾಡುತ್ತೇನೆ.