24 ವಾರ ದಾಟಿದ ಮೇಲೆ

ಕೊನೇ ಮುಟ್ಟು ಯಾವಾಗ ಆಗಿತ್ತವ್ವ ಅಂತ ಕೇಳಿದರೆ ನಮ್ಮ ಕಡೆ ತಾರೀಖು ಬರುವುದು ಕಡಿಮೆ, ಹಬ್ಬ ಬರುತ್ತದೆ. "ಬನಶಂಕರಿ ತೇರಿಗೆ ಹೊರಗಾಗಿದ್ದೆನ್ರಿ ಸಿಸ್ಟರ್, ಅದಕ್ಕ ಹೋಗಲಿಲ್ಲ." "ಕಾರಹುಣ್ಣಿಮಿ ಮುಂದ ಒಮ್ಮೆ ಆಗಿತ್ರಿ, ಆಮ್ಯಾಲ ಇಲ್ಲ." ಗದಗ ಜಿಲ್ಲೆಯ ಸಬ್‌ಸೆಂಟರುಗಳಲ್ಲಿ ನೌಕರಿ ಮಾಡಿ ರಿಟೈರಾದವಳು ನಾನು. ಹುಣ್ಣಿಮೆ ಅಮಾಸಿಯನ್ನು ತಾರೀಖಿಗೆ ತಿರುಗಿಸಿ ತಾಯಿ ಕಾರ್ಡಿನಲ್ಲಿ ಬರೆಯುವುದು ಕೈಗೆ ಕೂತ ಕೆಲಸ. ಎರಡು ವಾರ ಹಿಂದುಮುಂದಾದರೂ ಹೆರಿಗೆಗೆ ಹೆಂಗೋ ನಡೆಯುತ್ತದೆ. ಗರ್ಭ ತೆಗೆಸುವ ಮಾತು ಬಂದಾಗ ಮಾತ್ರ ಆ ಎರಡು ವಾರದ ಮೇಲೇ ಎಲ್ಲ ನಿಂತಿರುತ್ತದೆ.

ಈಗ ಹುಬ್ಬಳ್ಳಿಯಲ್ಲಿದ್ದೇನೆ, ಆದರೂ ಹಳೇ ಆಶಾಗಳ ಫೋನು ನಿಂತಿಲ್ಲ. ಹೋದ ವರ್ಷ ಒಬ್ಬಳು ಮಾಡಿದ್ದಳು. ಊರು, ಹೆಸರು ಹೇಳುವುದಿಲ್ಲ. ಗರ್ಭಪಾತ ಮಾಡಿಸಿಕೊಂಡವಳ ಗುರುತು ಬಿಟ್ಟುಕೊಡುವ ಡಾಕ್ಟರಿಗೆ ಗರ್ಭಪಾತದ ಕಾಯ್ದೆಯಲ್ಲಿ ಒಂದು ವರ್ಷದ ತನಕ ಶಿಕ್ಷೆ ಇದೆ. ನಾನು ಡಾಕ್ಟರಲ್ಲ, ಆದರೂ ಆ ಶಿಸ್ತು ನನಗೂ ಇರಲಿ. ಅವಳು ಹೇಳಿದ್ದು ಒಬ್ಬ ಗಂಡ ಹೆಂಡತಿಯ ವಿಷಯ, ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋದವರು. ಅಲ್ಲಿ ಒಂದೂ ಸ್ಕ್ಯಾನಿಂಗ್ ಆಗಿರಲಿಲ್ಲ. ಊರಿಗೆ ಬಂದ ಮೇಲೆ ಮಾಡಿಸಿದರೆ ಕೂಸಿನ ತಲೆಬುರುಡೆಯೇ ಬೆಳೆದಿಲ್ಲ. ಹಬ್ಬದ ಲೆಕ್ಕದಲ್ಲಿ 23 ವಾರ, ಸ್ಕ್ಯಾನಿಂಗ್ ಲೆಕ್ಕದಲ್ಲಿ 25. ತೋರಿಸಿದ ಖಾಸಗಿ ಡಾಕ್ಟರು ರಿಪೋರ್ಟನ್ನು ಮಡಚಿ ವಾಪಸ್ ಕೊಟ್ಟು, "24 ದಾಟೇತಿ, ನಾ ಮುಟ್ಟಂಗಿಲ್ಲ. ಕೋರ್ಟಿಗೆ ಹೋಗ್ರಿ" ಎಂದರಂತೆ.

ಇದು ತಪ್ಪು ಮಾಹಿತಿ. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ, ಓದಿದವರ ಬಾಯಲ್ಲೂ ಇದನ್ನೇ ಕೇಳಿದ್ದೇನೆ. 1971ರ ಕಾಯ್ದೆಯಲ್ಲಿ ಮಿತಿ 20 ವಾರ ಇತ್ತು. 2008ರಲ್ಲಿ ಮುಂಬೈನ ನಿಕೇತಾ ಮೆಹತಾ ಎಂಬಾಕೆ, ಹೊಟ್ಟೆಯಲ್ಲಿನ ಕೂಸಿನ ಹೃದಯದಲ್ಲಿ ದೋಷವಿದೆಯೆಂದು ಹೈಕೋರ್ಟಿಗೆ ಹೋದಾಗ, ಇಲ್ಲ ಅನ್ನಿಸಿಕೊಂಡು ಬರಬೇಕಾಯಿತು. 2021ರ ತಿದ್ದುಪಡಿ ಬಂದ ಮೇಲೆ ಪರಿಸ್ಥಿತಿ ಅದಲ್ಲ. 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು; 24ರ ತನಕ ಇಬ್ಬರದು, ಅದೂ ನಿಯಮದಲ್ಲಿ ಹೇಳಿದ ಹೆಂಗಸರಿಗೆ. ಕೂಸಿನಲ್ಲಿ ಗಂಭೀರ ದೋಷ ಇದೆ ಎಂದು ಮೆಡಿಕಲ್ ಬೋರ್ಡ್ ಹೇಳಿದರೆ ವಾರದ ಮಿತಿಯೇ ಇಲ್ಲ. ಬೋರ್ಡಿನಲ್ಲಿ ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು, ಸ್ಕ್ಯಾನಿಂಗ್ ಡಾಕ್ಟರು ಇರಬೇಕು. ಅರ್ಜಿ ಬಂದ 3 ದಿನದೊಳಗೆ ಅಭಿಪ್ರಾಯ, ಒಪ್ಪಿದರೆ ಅರ್ಜಿ ಬಂದ 5 ದಿನದೊಳಗೆ ಕೆಲಸ ಮುಗಿಯಬೇಕು. ಇದಕ್ಕೆ ಕೋರ್ಟಿನ ಅಪ್ಪಣೆ ಬೇಕಿಲ್ಲ. ತಾಯಿಯ ಜೀವಕ್ಕೇ ಕುತ್ತು ಬಂದಿದ್ದರಂತೂ ಬೋರ್ಡೂ ಬೇಡ, ವಾರದ ಲೆಕ್ಕವೂ ಬೇಡ, ಒಬ್ಬ ಡಾಕ್ಟರು ಸಾಕು. ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ 2012ರಲ್ಲಿ ಐರ್ಲೆಂಡಿನಲ್ಲಿ 17 ವಾರದ ಬಸಿರಿನಲ್ಲಿ ನಂಜೇರಿ ಸತ್ತಾಗ ಅಲ್ಲಿಯ ಡಾಕ್ಟರುಗಳು ಕೂಸಿನ ಎದೆಬಡಿತ ನಿಲ್ಲಲಿ ಅಂತ ಕಾದಿದ್ದರು. ಆ ದೇಶ 2018ರಲ್ಲಿ ಮತ ಹಾಕಿ ಸಂವಿಧಾನ ಬದಲಿಸಿತು.

ಡಾಕ್ಟರುಗಳ ಹೆದರಿಕೆ ನನಗೆ ತಿಳಿಯದ್ದಲ್ಲ. ಕಾಯ್ದೆಯ ಹೊರಗೆ ಗರ್ಭ ತೆಗೆದರೆ ನ್ಯಾಯ ಸಂಹಿತೆಯ 88ನೇ ಕಲಮಿನ ಪ್ರಕಾರ ಅಪರಾಧ. ಹೆಣ್ಣು ಭ್ರೂಣ ತೆಗೆಸುವ ದಂಧೆ ಇರುವ ತನಕ ಪೊಲೀಸರ ಕಣ್ಣೂ ಇರಬೇಕು, ನಾನು ಅದರ ಪರವೇ. ಆದರೆ ಹೆದರಿದವರು "ಜಿಲ್ಲಾ ಆಸ್ಪತ್ರೆಗೆ ಹೋಗಿ ಬೋರ್ಡಿಗೆ ಅರ್ಜಿ ಕೊಡ್ರಿ" ಎಂದು ಒಂದು ಚೀಟಿ ಬರೆದುಕೊಡಬಹುದಿತ್ತಲ್ಲ? ಅದಕ್ಕೇನು ಖರ್ಚು?

ನಿಜವಾಗಿ ಕೋರ್ಟಿಗೆ ಹೋಗಬೇಕಾದವರು ಬೇರೆ. ಅತ್ಯಾಚಾರಕ್ಕೆ ಸಿಕ್ಕವಳು, ಹದಿನೆಂಟು ತುಂಬದವಳು, ಬಸಿರಿದ್ದಾಗಲೇ ಗಂಡನನ್ನು ಕಳೆದುಕೊಂಡವಳು: ಇವರಿಗೆಲ್ಲ ಅವಕಾಶ 24 ವಾರಕ್ಕೆ ಮುಗಿಯುತ್ತದೆ. ಆಮೇಲೆ ನಮ್ಮ ಭಾಗದವರಿಗೆ ಧಾರವಾಡದ ಹೈಕೋರ್ಟ್ ಪೀಠವೇ ಗತಿ. ಶಾಲೆಗೆ ಹೋಗುವ ಹುಡುಗಿಯ ಬಸಿರು ಮನೆಯವರಿಗೆ ಗೊತ್ತಾಗುವುದೇ ತಡವಾಗಿ. ಮುಟ್ಟು ಸರಿ ಆಗುತ್ತಿಲ್ಲ ಅಂತ ತಾಯಿ ಕಷಾಯ ಕುಡಿಸುತ್ತಾ ತಿಂಗಳು ಕಳೆದಿರುತ್ತಾಳೆ. ವಕೀಲರು, ಅರ್ಜಿ, ಕೋರ್ಟು ಮತ್ತೆ ಡಾಕ್ಟರುಗಳ ವರದಿ ಕೇಳುವುದು, ಅಷ್ಟರಲ್ಲಿ ಮತ್ತೆರಡು ವಾರ. ಕೂಸಿನಲ್ಲಿ ದೋಷ ಇದ್ದರೆ ಮಿತಿ ಇಲ್ಲ, ಹುಡುಗಿಯ ಮೇಲೆ ಅನ್ಯಾಯ ಆಗಿದ್ದರೆ ಮಿತಿ ಇದೆ. ಈ ತಕ್ಕಡಿ ನನಗೆ ಎಂದೂ ಸರಿ ಕಂಡಿಲ್ಲ. 2023ರ ಅಕ್ಟೋಬರಿನಲ್ಲಿ 26 ವಾರದ ಬಸಿರಿದ್ದ, ಎರಡು ಮಕ್ಕಳ ತಾಯಿಯೊಬ್ಬಳ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಬಂದಾಗ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಆಗಲಿಲ್ಲ. ಹೆಂಗಸಿನ ನಿರ್ಧಾರಕ್ಕೆ ಬೆಲೆ ಕೊಡಬೇಕು ಎಂದು ನಿಂತವರು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ. ಕೊನೆಗೆ ಮೂವರ ಪೀಠ ಆ ಅರ್ಜಿಯನ್ನು ತಳ್ಳಿಹಾಕಿತು.

ಗೋವಾದಿಂದ ಬಂದವಳ ವಿಷಯದಲ್ಲಿ ಬೋರ್ಡು ತಡ ಮಾಡಲಿಲ್ಲ. ತಡವಾಗಿದ್ದು ಸಹಿಯಲ್ಲಿ. ಗಂಡ ಆಗ ಮತ್ತೆ ಗೋವಾಕ್ಕೆ ಹೋಗಿದ್ದ, ಅವನು ಬರಲಿ ಎಂದು ಅತ್ತೆ ಕೂತಳು. "ಯವ್ವಾ, ಅಕೀ ಸಹಿ ಒಂದ ಸಾಕು" ಎಂದು ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು. ಹದಿನೆಂಟು ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಒಪ್ಪಿಗೆ ಬಿಟ್ಟು ಕಾಯ್ದೆ ಇನ್ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ.

ಆರು ತಿಂಗಳ ಗರ್ಭ ತೆಗೆಯುವುದು ಹೆಂಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎರಡು ಗುಳಿಗೆ ನುಂಗಿ ಮನೆಗೆ ಬರುವುದು ಎಂದುಕೊಂಡಿದ್ದಳು. ಗುಳಿಗೆ ಕೊಟ್ಟು ಬ್ಯಾನಿ ಬರಿಸುತ್ತಾರೆ, ಹೆರಿಗೆಯಂತೆಯೇ ಹೆರಬೇಕು. ಮೂರನೇ ದಿನಕ್ಕೆ ಎದೆಹಾಲು ಇಳಿಯಿತು. ಕುಡಿಯುವ ಕೂಸಿಲ್ಲ, ಎದೆ ಗಟ್ಟಿಯಾಗಿ ಜ್ವರ. "ಸಿಸ್ಟರ್, ಇದೇನ್ರಿ ನಂಗ ಹಿಂಗಾಗೇತಿ" ಎಂದು ಅತ್ತಳು. ಹಾಲು ನಿಲ್ಲಿಸಲು ಗುಳಿಗೆ ಇದೆ, ಬಿಡುಗಡೆ ಮಾಡುವಾಗಲೇ ಬರೆದುಕೊಡಬೇಕಿತ್ತು. ನೌಕರಿ ಇರುವ ಹೆಂಗಸಿಗಾದರೆ ಗರ್ಭಪಾತದ ನಂತರ ಆರು ವಾರ ಸಂಬಳದ ರಜೆ ಉಂಟು. ಇವಳು ಹದಿನೈದು ದಿನಕ್ಕೇ ಬುಟ್ಟಿ ಹೊತ್ತಳು.

ಮತ್ತೆ ಬಸಿರಾಗುವ ಆಸೆ ಇದೆಯಂತೆ. ಕೂಸಿನ ಮೆದುಳು, ಬೆನ್ನುಹುರಿ ಆಗುವ ನಳಿಕೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲೇ, ತಲೆಯ ಕಡೆ ಅದು ಮುಚ್ಚದಿದ್ದರೆ ಬುರುಡೆ ಬೆಳೆಯುವುದಿಲ್ಲ; ಅಂದರೆ ಮುಟ್ಟು ತಪ್ಪಿತೆಂದು ಖಾತ್ರಿ ಆಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಅದಕ್ಕೇ ಫೋಲಿಕ್ ಆಸಿಡ್ ಗುಳಿಗೆಯನ್ನು ಬಸಿರಿಗೂ ಮೊದಲೇ ಸುರು ಮಾಡಬೇಕು. ಒಮ್ಮೆ ಹೀಗಾದವರಿಗೆ ಪ್ರಮಾಣ ಹೆಚ್ಚು, ಡಾಕ್ಟರು 5 ಮಿಲಿಗ್ರಾಂ ಬರೆಯುತ್ತಾರೆ. ಮೊದಲ ಸ್ಕ್ಯಾನಿಂಗ್ 12 ವಾರದ ಸುಮಾರಿಗೆ ಆಗಲೇಬೇಕು, ಗೋವಾದಲ್ಲೇ ಆಗಲಿ. ತಾಯಿ ಕಾರ್ಡು ಚೀಲದಲ್ಲಿಟ್ಟುಕೊಂಡು ಹೋಗು, ಮುಟ್ಟಾದ ದಿನ ಮೊಬೈಲಿನಲ್ಲಿ ತಾರೀಖು ಒತ್ತಿಡು ಎಂದಿದ್ದೇನೆ. ಹೂಂ ಅಂದಿದ್ದಾಳೆ.