ಅಂಡಮಾನ್ ಪ್ಲಾನನ್ನು ಕೊನೇ ದಿನದಿಂದ ಬರೆಯಬೇಕು

ಸಂಕ್ರಾಂತಿ ಮುಗಿಸಿ ಅಂಡಮಾನಿಗೆ ಹೋಗೋಣ ಅಂತ ತುಮಕೂರಿನ ಅಕ್ಕನ ಮನೆಯಲ್ಲಿ ಒಂದು ಭಾನುವಾರ ಎಲ್ಲರೂ ಕೂತೆವು. ಆರು ರಾತ್ರಿಯ ಪ್ರವಾಸ. ಭಾವ ಬರೆದಿಟ್ಟಿದ್ದ ಹಾಳೆಯಲ್ಲಿ ಮೊದಲು ವಿಮಾನ ನಿಲ್ದಾಣವಿರುವ ಪೋರ್ಟ್ ಬ್ಲೇರ್, ಆಮೇಲೆ ನೀಲ್ ದ್ವೀಪ, ಕೊನೆಗೆ ಹ್ಯಾವ್ಲಾಕ್ ದ್ವೀಪ. ಏಳನೇ ದಿನ ಬೆಳಿಗ್ಗೆ ಹ್ಯಾವ್ಲಾಕಿನಿಂದ ಹಡಗು, ಮಧ್ಯಾಹ್ನ ಬೆಂಗಳೂರಿನ ವಿಮಾನ. ಆ ಕೊನೆಯ ಸಾಲನ್ನೇ ಮೊದಲು ಹೊಡೆದು ಹಾಕಬೇಕಾಯಿತು.

ಗಾಳಿ ಜೋರಾದರೆ ದ್ವೀಪಗಳ ನಡುವಿನ ಹಡಗು ತಡವಾಗುತ್ತದೆ, ಕೆಲವೊಮ್ಮೆ ರದ್ದೇ ಆಗುತ್ತದೆ. ವಿಮಾನ ಅದಕ್ಕಾಗಿ ಕಾಯುವುದಿಲ್ಲ. ಹಾಗಾಗಿ ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕು, ಇದರಲ್ಲಿ ರಾಜಿಯಿಲ್ಲ. ಎರಡನೇ ಕಾರಣ ಸ್ಕೂಬಾ ಡೈವ್, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು. ನೀರಿನಾಳದಲ್ಲಿ ಒತ್ತಡಕ್ಕೆ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಅದು ಹೊರಹೋಗುವ ಮೊದಲೇ ವಿಮಾನ ಹತ್ತಿದರೆ, ಒತ್ತಡ ತಗ್ಗಿ ದೇಹದೊಳಗೇ ಗುಳ್ಳೆಗಳಾಗುತ್ತದೆ. ಕೀಲುನೋವಿನಿಂದ ಹಿಡಿದು ನರಗಳ ತೊಂದರೆವರೆಗೂ ಹೋಗಬಹುದು. ಡೈವ್ ಮಾಡಿ 24 ಗಂಟೆ ಬಿಟ್ಟು ಹಾರಿದರೆ ಚಿಂತೆಯಿಲ್ಲ. ಮಕ್ಕಳಿಗೆ 10 ವರ್ಷ ತುಂಬಿರಬೇಕು. ಈಜು ಬರದಿದ್ದರೂ ನಡೆಯುತ್ತದೆ. ಆಸ್ತಮಾ, ಕಿವಿಯ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ನೀರಿಗೆ ಇಳಿಯಬಾರದು.

ಈ ಎರಡನ್ನೂ ಇಟ್ಟುಕೊಂಡು ಹಿಂದಿನಿಂದ ಲೆಕ್ಕ ಹಾಕಿದಾಗ ಹಾಳೆ ತಾನಾಗಿ ಸರಿಹೋಯಿತು. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಎರಡು ರಾತ್ರಿ ಹ್ಯಾವ್ಲಾಕ್, ಒಂದು ರಾತ್ರಿ ನೀಲ್, ಮತ್ತೆ ಎರಡು ರಾತ್ರಿ ಪೋರ್ಟ್ ಬ್ಲೇರ್. ಹ್ಯಾವ್ಲಾಕಿಗೆ ಖಾಸಗಿ ಹಡಗಾದರೆ ಒಂದೂವರೆ ಗಂಟೆಯ ಮೇಲೆ, ಸರ್ಕಾರಿ ಹಡಗಾದರೆ ಎರಡೂವರೆ ಗಂಟೆಯ ಸುಮಾರು. ಸರ್ಕಾರಿ ಹಡಗು ಅಗ್ಗ, ಆದರೆ ಅಲ್ಲಿನ ಜನರ ಓಡಾಟಕ್ಕೇ ಮೊದಲ ಆದ್ಯತೆ. ಅದು ಇರಬೇಕಾದ್ದೇ ಹಾಗೆ. ಬುಕ್ ಮಾಡುವಾಗ ಮೊದಲು ವಿಮಾನ, ಆಮೇಲೆ ಹಡಗು, ಕೊನೆಗೆ ರೂಮು. ರೂಮು ಮೊದಲು ಮಾಡಿ ಆ ದಿನಕ್ಕೆ ಹಡಗು ಸಿಗದೆ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು.

ಹೆಸರುಗಳ ಗೊಂದಲವೂ ಇದೆ. 2018ರಿಂದ ಹ್ಯಾವ್ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟಿನಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಎರಡನ್ನೂ ಬರೆದಿಟ್ಟುಕೊಳ್ಳಿ.

ಹೊತ್ತಿನ ಲೆಕ್ಕ ನಮ್ಮ ಕಡೆಯವರಿಗೆ ಬೇಗ ಹಿಡಿಯುವುದಿಲ್ಲ. ಗಡಿಯಾರ ಒಂದೇ, ಆದರೆ ಅಂಡಮಾನ್ ತುಮಕೂರಿಗಿಂತ 15 ಡಿಗ್ರಿಗೂ ಹೆಚ್ಚು ಪೂರ್ವಕ್ಕಿದೆ. ಸೂರ್ಯ ಒಂದು ಗಂಟೆ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಜನವರಿ ಮಧ್ಯದಲ್ಲಿ 5:15ರ ಹೊತ್ತಿಗೆ ಸೂರ್ಯಾಸ್ತ. ಐದೂವರೆಗೆ ಕಾಫಿ ಕುಡಿದು ಹ್ಯಾವ್ಲಾಕಿನ ರಾಧಾನಗರ ಬೀಚಿಗೆ ಹೊರಟರೆ ಸಿಗುವುದು ಕತ್ತಲೆ ಮಾತ್ರ. 4 ಗಂಟೆಗೆ ಮರಳಿನ ಮೇಲಿರಬೇಕು. ನೀಲ್‌ನಲ್ಲಿರುವ ಕಲ್ಲಿನ ಸಹಜ ಸೇತುವೆಗೆ ಸಮುದ್ರ ಇಳಿದಾಗಲೇ ಹೋಗಲಾಗುವುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನೆಂಟರು ಹೋದ ವರ್ಷ ಹೇಳಿದ ಟೈಮು ನಿಮಗೆ ಹೊಂದುವುದಿಲ್ಲ. ಆ ದಿನದ ಇಳಿತ ಎಷ್ಟು ಹೊತ್ತಿಗೆ ಅಂತ ಹೋಟೆಲಿನಲ್ಲೇ ಕೇಳಬೇಕು.

ದಸರಾ ರಜೆಗೇ ಹೋಗೋಣ ಅಂದಿದ್ದಳು ಅಕ್ಕ. ಅಕ್ಟೋಬರ್, ನವೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. ಮೇ ತಿಂಗಳ ಕೊನೆಯೂ ಬೇಡ, ಮುಂಗಾರು ಕೇರಳಕ್ಕಿಂತ ಮೊದಲು ಮುಟ್ಟುವುದೇ ಅಂಡಮಾನನ್ನು. ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಹೆಚ್ಚುಕಡಿಮೆ ಶಾಂತವಾಗಿರುತ್ತದೆ.

ಸಾಮಾನು ಕಟ್ಟುವ ಮಾತು ಬಂದಾಗ ಅಜ್ಜಿ ತಿಪಟೂರಿನ ಕೊಬ್ಬರಿ ಗಿಟಕು ನಾಲ್ಕು ತೆಗೆದಿಟ್ಟರು. ವಿಮಾನದಲ್ಲಿ ಅದು ನಿಷಿದ್ಧ. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಕಾವಿಗೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನಮ್ಮ ಜಿಲ್ಲೆಯ ಬ್ಯಾಗುಗಳಲ್ಲಿ ಇದು ಇದ್ದೇ ಇರುತ್ತದಾದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಅದಲುಬದಲಾದರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಹಡಗಿನಲ್ಲಿ ಹೊಟ್ಟೆ ತೊಳಸುವವರು ಹತ್ತುವ ಮೊದಲೇ, ಅರ್ಧದಿಂದ ಒಂದು ಗಂಟೆ ಮುಂಚೆ, ಡಾಕ್ಟರು ಹೇಳಿದ ಮಾತ್ರೆ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ನಿಲ್ಲುವುದಿಲ್ಲ. ಕೂರುವುದು ಹಡಗಿನ ನಡುಭಾಗದಲ್ಲಿ, ಅಲ್ಲಿ ಓಲಾಟ ಕಡಿಮೆ. ಎಲ್ಲರ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಚಿಕ್ಕ ದ್ವೀಪಗಳಲ್ಲಿ ಎಟಿಎಂ ಕಡಿಮೆ, ನಗದು ಪೋರ್ಟ್ ಬ್ಲೇರಿನಲ್ಲೇ ತೆಗೆದುಕೊಳ್ಳಿ.

ವಿಮಾನ ನಿಲ್ದಾಣಕ್ಕೆ ತುಮಕೂರಿನಿಂದ ಬೆಂಗಳೂರೊಳಗೆ ನುಗ್ಗಬೇಕಿಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ಊರಿನ ಟ್ರಾಫಿಕ್ ತಪ್ಪುತ್ತದೆ. ಆದರೂ ವಿಮಾನದ ಹೊತ್ತಿಗಿಂತ ನಾಲ್ಕೂವರೆ ಗಂಟೆ ಮೊದಲು ಮನೆ ಬಿಡುವುದು ಅಂತ ಹಾಳೆಯಲ್ಲಿ ಬರೆದೆವು.

ಮಕ್ಕಳಿಗೆ ಹೇಳಬೇಕಾದದ್ದು ಒಂದು ಉಳಿದಿತ್ತು. ದಡದಲ್ಲಿ ಬಿದ್ದ ಹವಳದ ತುಂಡನ್ನು, ಸತ್ತದ್ದಾದರೂ, ಜೇಬಿಗೆ ಹಾಕುವಂತಿಲ್ಲ. ಹವಳಕ್ಕೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ, ವಾಪಸು ಬರುವಾಗ ಸ್ಕ್ಯಾನರಿನಲ್ಲಿ ಕಾಣುತ್ತದೆ. ಚಿಕ್ಕವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು, ಫೋಟೋ ತೆಗೆಯಬಹುದಾ ಅಂದಳು. ಎಷ್ಟು ಬೇಕಾದರೂ ತೆಗೀಬಹುದು ಪುಟ್ಟಿ ಅಂದೆ.