ಜ್ವರ ಎಷ್ಟನೆಯ ದಿನದ್ದು?

ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿರುವ ನನಗೆ ರೋಗಿಯ ಮುಖಕ್ಕಿಂತ ಮೊದಲು ಕಾಣುವುದು ಅವರ ಕೈಯಲ್ಲಿರುವ ಚೀಟಿ. ಜ್ವರದ ಚೀಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು: ಹೆಸರು, ವಯಸ್ಸು, ಕೆಳಗೆ ‘ಸಿಬಿಸಿ, ಎಂಪಿ, ವೈಡಲ್’ (ರಕ್ತಕಣಗಳ ಎಣಿಕೆ, ಮಲೇರಿಯಾ, ಟೈಫಾಯ್ಡ್ ಪರೀಕ್ಷೆಗಳು), ಮಳೆಗಾಲದಲ್ಲಿ ಅದರ ಜೊತೆಗೆ ಡೆಂಗಿ ಕಾರ್ಡ್. ಜ್ವರ ಶುರುವಾಗಿ ಎಷ್ಟು ದಿನವಾಯಿತೆಂಬುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ. ಕಾರಣ ತಿಳಿಯದ ಜ್ವರಗಳ ಪತ್ತೆಗೆ ನಮ್ಮಂಥ ಊರುಗಳಲ್ಲಿ ಏನು ಬೇಕು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ಒಂದು ಅಂಕಿಯನ್ನೇ. ಯಂತ್ರಗಳ ವಿಚಾರ ಆಮೇಲಿನದು.

ಪರೀಕ್ಷೆಯ ಫಲಿತಾಂಶಕ್ಕೆ ಬೆಲೆ ಬರುವುದು ಕಿಟ್ಟಿನ ಗುಣಮಟ್ಟದಿಂದ ಎಷ್ಟೋ, ರಕ್ತ ತೆಗೆದ ದಿನದಿಂದಲೂ ಅಷ್ಟೇ. ಡೆಂಗಿಯ ಎನ್‌ಎಸ್1 ಪ್ರೋಟೀನು ರಕ್ತದಲ್ಲಿ ಚೆನ್ನಾಗಿ ಸಿಗುವುದು ಮೊದಲ ಐದು ದಿನ. ಸೋಂಕಿಗೆ ಎದುರಾಗಿ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅದರ ನಂತರ. ಮಂಗನ ಕಾಯಿಲೆಯ ವೈರಾಣುವನ್ನು, ಅದರ ಜೀನುಗಳನ್ನೇ ಹುಡುಕುವ ಪಿಸಿಆರ್‌ನಲ್ಲಿ ಹಿಡಿಯಲು ಮೊದಲ ವಾರವೇ ತಕ್ಕ ಕಾಲ. ಸ್ಕ್ರಬ್ ಟೈಫಸ್‌ ಅಥವಾ ಇಲಿ ಜ್ವರದ ಐಜಿಎಂ ಎಲೈಸಾ (ಪ್ರತಿಕಾಯ ಹುಡುಕುವ ಪರೀಕ್ಷೆ) ಮೂರನೆಯ ದಿನ ನೆಗೆಟಿವ್ ಬಂದರೆ ಅದರಿಂದ ಏನೂ ತಿಳಿದಂತಾಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ದೇಹವು ಗುರುತಿಸುವಷ್ಟು ಪ್ರತಿಕಾಯವನ್ನು ಸಾಮಾನ್ಯವಾಗಿ ತಯಾರಿಸಿರುವುದಿಲ್ಲ. ದಿನ ಬರೆಯದ ಚೀಟಿಗೆ ನಾನು ಕೊಟ್ಟ ‘ನೆಗೆಟಿವ್’ ಎಂಬ ಉತ್ತರವನ್ನು ವೈದ್ಯರು ‘ಈ ರೋಗವಿಲ್ಲ’ ಎಂದು ಓದಿಕೊಂಡರೆ, ತಪ್ಪಿನಲ್ಲಿ ಇಬ್ಬರಿಗೂ ಪಾಲಿದೆ.

ವೈಡಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನನ್ನ ಸೇವೆಯ ಬಹುಭಾಗ ಅದರಲ್ಲೇ ಕಳೆದಿದೆ. ಫ್ರಾನ್ಸಿನ ವೈದ್ಯ ಫೆರ್ನಾಂ ವಿಡಾಲ್ 1896ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ ರೋಗಿಯ ರಕ್ತದಿಂದ ಬೇರ್ಪಡಿಸಿದ ತಿಳಿದ್ರವಕ್ಕೆ, ಅಂದರೆ ಸೀರಮ್ಮಿಗೆ, ಟೈಫಾಯ್ಡ್ ಬ್ಯಾಕ್ಟೀರಿಯಾದ ಅಂಶವಿರುವ ದ್ರವವನ್ನು ಬೆರೆಸುತ್ತೇವೆ. ಗಾಜಿನ ಮೇಲೆ ಒಂದು ನಿಮಿಷ ಅಲುಗಿಸಿದಾಗ ಮೊಸರು ಒಡೆದಂತೆ ಕಣಗಳು ಕಂಡರೆ ಪಾಸಿಟಿವ್. ಎಷ್ಟು ತೆಳುಗೊಳಿಸಿದ ಸೀರಮ್ಮಿನಲ್ಲೂ ಕಣ ಕಾಣುತ್ತದೆ ಎಂಬುದರ ಲೆಕ್ಕವೇ 1:80, 1:160 ಮುಂತಾದ ಟೈಟರ್. ಒಂದೇ ಸಲದ ಟೈಟರ್ ನೋಡಿ ತೀರ್ಮಾನಿಸಬಾರದು. ಏಳರಿಂದ ಹತ್ತು ದಿನಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಟೈಟರ್ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು ಎಂಬುದನ್ನು ಡಿಪ್ಲೊಮಾ ಓದುವಾಗಲೇ ನಮಗೆ ಕಲಿಸಿರುತ್ತಾರೆ. ಟೈಫಾಯ್ಡ್ ಮೊದಲಿನಿಂದಲೂ ಇರುವ ಪ್ರದೇಶಗಳಲ್ಲಿ ಆರೋಗ್ಯವಂತರ ರಕ್ತದಲ್ಲೂ ಹಳೆಯ ಸೋಂಕಿನ ಪ್ರತಿಕಾಯ ಉಳಿದಿರುತ್ತದೆ, ಬೇರೆ ಜ್ವರಗಳಲ್ಲೂ ಅದು ಮೇಲೇಳಬಹುದು. ಆದರೆ ಎರಡನೆಯ ರಕ್ತಕ್ಕೆಂದು ಬಂದವರನ್ನು ಇಷ್ಟು ವರ್ಷಗಳಲ್ಲಿ ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಖಚಿತ ಪರೀಕ್ಷೆಯೆನ್ನಬಹುದಾದ, ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ನಮ್ಮಲ್ಲಿಲ್ಲ. ಇದ್ದಲ್ಲಿಯೂ ಅದು ಸುಮಾರು 60 ಶೇಕಡಾ ಟೈಫಾಯ್ಡ್ ರೋಗಿಗಳಲ್ಲಷ್ಟೇ ಬ್ಯಾಕ್ಟೀರಿಯಾವನ್ನು ತೋರಿಸುತ್ತದೆ, ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ನುಂಗಿ ಬಂದವರಲ್ಲಿ ಇನ್ನೂ ಕಡಿಮೆ. ಹೀಗಾಗಿ ಉತ್ತರವೊಂದು ಬೇಕೇ ಬೇಕೆನ್ನುವ ರೋಗಿಗೂ, ಹೊರಗೆ ನೂರೈವತ್ತು ಜನರ ಸಾಲಿರುವ ವೈದ್ಯರಿಗೂ ವೈಡಲ್ ಒಂದು ಸಮಾಧಾನವನ್ನು ಒದಗಿಸುತ್ತದೆ. ‘ಟೈಫಾಯ್ಡ್ ಸ್ವಲ್ಪ ಇದೆ’ ಎಂಬ ಮಾತು ಹುಟ್ಟುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ಅಡಿಕೆ ತೋಟದಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರಿಗೆ ನಾನೇ ವೈಡಲ್ ಪರೀಕ್ಷೆಯ ‘ಒ’ ಟೈಟರ್ 1:160 ಎಂದು ಬರೆದುಕೊಟ್ಟಿದ್ದೆ. ಐದು ದಿನ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಕೊಟ್ಟರೂ ಜ್ವರ ಇಳಿಯಲಿಲ್ಲ, ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತ ಹೋಯಿತು, ಉಸಿರಾಟವೂ ವೇಗವಾಯಿತು. ಮೈ ಒರೆಸುತ್ತಿದ್ದ ದಾದಿ ಸೀರೆ ಕಟ್ಟುವ ಜಾಗದಲ್ಲಿ, ಸೊಂಟದ ಹಿಂಬದಿಗೆ, ಬೀಡಿಯಿಂದ ಸುಟ್ಟಂತಿರುವ ಒಂದು ಕಪ್ಪು ಹಕ್ಕಳೆಯನ್ನು ಕಂಡು ವೈದ್ಯರನ್ನು ಕರೆದರು. ಅದು ನೋಯುವುದೂ ಇಲ್ಲ, ತುರಿಸುವುದೂ ಇಲ್ಲವಾದ್ದರಿಂದ ಅದು ಅಲ್ಲಿರುವುದು ರೋಗಿಗೇ ಗೊತ್ತಿರಲಿಲ್ಲ. ಪೊದೆ, ಹುಲ್ಲುಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಮೈಟ್ ಮರಿಗಳು ಕಚ್ಚಿ ಹರಡುವ ಸ್ಕ್ರಬ್ ಟೈಫಸ್ಸಿನ ಗುರುತು ಅದು. ಜೀವಕೋಶದೊಳಗೆ ಬೆಳೆಯುವ ಇದರ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ವರ್ಗದ ಔಷಧಗಳು ನಾಟುವುದೇ ಇಲ್ಲ. ಅಗ್ಗದ ಡಾಕ್ಸಿಸೈಕ್ಲಿನ್ ನಾಟುತ್ತದೆ. ಔಷಧ ಬದಲಾದ ಎರಡನೆಯ ದಿನ ಅವರಿಗೆ ಜ್ವರ ಬಿಟ್ಟಿತು. ನನ್ನ ಗಾಜಿನ ಮೇಲಿನ ಕಣಗಳು ಆಕೆಯ ಐದು ದಿನಗಳನ್ನು ತಿಂದಿದ್ದವು.

ಅಂದಿನಿಂದ ನನಗೆ ಜ್ವರದ ಪತ್ತೆಗೆ ಬೇಕಾದ ಸಲಕರಣೆಗಳ ಪಟ್ಟಿಯಲ್ಲಿ ಒಂದು ಪರದೆಯೂ ಸೇರಬೇಕೆನಿಸುತ್ತದೆ. ಹಕ್ಕಳೆ ಇರುವುದು ಹೆಚ್ಚಾಗಿ ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಸೊಂಟದಂಥ ಮುಚ್ಚಿದ ಜಾಗಗಳಲ್ಲಿ. ಬಾಗಿಲಲ್ಲಿ ಜನ ಇಣುಕುತ್ತಿರುವ ಹೊರರೋಗಿ ಕೋಣೆಯಲ್ಲಿ ಯಾವ ಹೆಂಗಸು ತಾನೇ ಬಟ್ಟೆ ಸರಿಸಿಯಾಳು? ಪರದೆ, ಒಳ್ಳೆಯ ದೀಪ, ಜೊತೆಗೆ ನಿಲ್ಲುವ ದಾದಿ, ಈ ಮೂರಕ್ಕೆ ತಗಲುವ ಖರ್ಚು ಎಲೈಸಾ ಕಿಟ್ಟೊಂದರ ಬೆಲೆಗಿಂತ ಹೆಚ್ಚಾಗಲಾರದು. ಹಕ್ಕಳೆ ಇಲ್ಲದ ರೋಗಿಗಳೂ ಬಹಳ ಇದ್ದಾರೆ ಎಂಬುದು ನಿಜ. ಆದರೆ ಕಂಡರೆ ಅಂದೇ ಚಿಕಿತ್ಸೆ ಶುರುವಾಗುತ್ತದೆ, ವರದಿಗಾಗಿ ಕಾಯಬೇಕಾಗಿಲ್ಲ.

ಹೆಸರಿರುವ ಒಂದು ರೋಗ ಉಳಿದವುಗಳನ್ನೆಲ್ಲ ಮರೆಸಿಬಿಡುವುದು ನಮ್ಮ ಊರಿನ ಕಥೆ ಮಾತ್ರವಲ್ಲ. ಉತ್ತರ ಟಾಂಜಾನಿಯಾದ ಮೋಶಿಯಲ್ಲಿ 2007–08ರಲ್ಲಿ ಜ್ವರದಿಂದ ಆಸ್ಪತ್ರೆ ಸೇರಿದ 870 ಜನರನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ, ವೈದ್ಯರು 60 ಶೇಕಡಾಕ್ಕೂ ಹೆಚ್ಚು ಮಂದಿಗೆ ಮಲೇರಿಯಾ ಎಂದಿದ್ದರೂ ನಿಜವಾಗಿ ಮಲೇರಿಯಾ ಇದ್ದದ್ದು 1.6 ಶೇಕಡಾ ರೋಗಿಗಳಿಗೆ. ಇಲಿ ಜ್ವರ, ಬ್ರೂಸೆಲ್ಲೋಸಿಸ್, ಕ್ಯೂ ಜ್ವರದಂಥ ಪ್ರಾಣಿಗಳಿಂದ ಬರುವ ಸೋಂಕುಗಳು ಅಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿದ್ದವು. ಗೋರಖಪುರದಲ್ಲಿ ಪ್ರತಿ ಮಳೆಗಾಲದ ನಂತರ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಮಿದುಳು ಜ್ವರವನ್ನು ಬಹಳ ಕಾಲ ಜಪಾನೀಸ್ ಎನ್ಸೆಫಲೈಟಿಸ್ ಎಂಬ ವೈರಾಣು ರೋಗವೆಂದೇ ಕರೆಯುತ್ತಿದ್ದರು. 2006ರಲ್ಲಿ ಲಸಿಕೆ ಶುರುವಾದ ಮೇಲೂ ಮಕ್ಕಳು ಬರುತ್ತಲೇ ಇದ್ದರು, ಅವರ ಮಾದರಿಗಳಲ್ಲಿ ಆ ವೈರಾಣು ಸಿಗುತ್ತಿರಲಿಲ್ಲ. ನಮ್ಮ ನಿಮ್ಹಾನ್ಸ್ ಸೇರಿದಂತೆ ಹಲವು ಸಂಸ್ಥೆಗಳ ತಂಡಗಳು 2015ರ ಸುಮಾರಿಗೆ ಹುಡುಕಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸ್ಕ್ರಬ್ ಟೈಫಸ್ಸಿನ ಕುರುಹು ಸಿಕ್ಕಿತು. ಜ್ವರ ಮಿದುಳಿಗೇರುವ ಮುನ್ನವೇ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ, ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಕೊಡಬೇಕೆಂಬ ಸೂಚನೆ ಬಂದದ್ದು ಆಮೇಲೆ.

ಕ್ಯಾಸನೂರು ಕಾಡಿನ ಉದಾಹರಣೆ ನನಗೆ ಇನ್ನೂ ಹತ್ತಿರದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಆ ಕಾಡಿನ ಸುತ್ತ ಜನರಿಗೆ ಜ್ವರ ಬಂದಾಗ, ಅದು ಹೊಸ ರೋಗವಿರಬಹುದೆಂಬ ಸುಳಿವು ಕೊಟ್ಟದ್ದು ಸತ್ತು ಬೀಳುತ್ತಿದ್ದ ಮಂಗಗಳು. ಹಳದಿ ಜ್ವರವೇ ಬಂತೇನೋ ಎಂಬ ಆತಂಕದಿಂದ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಉಣುಗುಗಳಿಂದ ಹರಡುವ ಬೇರೆಯದೇ ವೈರಾಣು ಸಿಕ್ಕಿತು. ಅದೇ ಮಂಗನ ಕಾಯಿಲೆ. ಡಿಸೆಂಬರಿನಿಂದ ಮೇ ತನಕ ನಮ್ಮಲ್ಲಿಗೆ ಬರುವ ಜ್ವರದ ರೋಗಿಯನ್ನು ‘ತರಗೆಲೆ ಗುಡಿಸಲು ಕಾಡಿಗೆ ಹೋಗಿದ್ದಿರಾ, ಹತ್ತಿರ ಮಂಗ ಸತ್ತಿತ್ತೇ’ ಎಂದು ಕೇಳುವುದು ಇಂದಿಗೂ ಪರೀಕ್ಷೆಯ ಮೊದಲ ಹೆಜ್ಜೆ, ಆ ಉತ್ತರವೂ ಚೀಟಿಯಲ್ಲಿರಬೇಕು.

ಮಾದರಿಯನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿದ ಮೇಲಿನ ಕಥೆ ಬೇರೆ. ಎಲೈಸಾ ತಟ್ಟೆಯಲ್ಲಿ 96 ಗುಳಿಗಳಿರುತ್ತವೆ. ಎರಡು ಮೂರು ಮಾದರಿಗಳಿಗೆಂದು ಕಿಟ್ ತೆರೆಯಲು ಯಾವ ಪ್ರಯೋಗಾಲಯಕ್ಕೂ ಮನಸ್ಸಾಗುವುದಿಲ್ಲವಾದ್ದರಿಂದ, ಸಾಕಷ್ಟು ಮಾದರಿ ಕೂಡುವ ತನಕ ನಮ್ಮ ಕೊಳವೆ ಕಾಯುತ್ತದೆ. ವರದಿ ಬರುವಷ್ಟರಲ್ಲಿ ರೋಗಿ ಗುಣವಾಗಿ ಮನೆಗೋ, ಕೆಟ್ಟು ದೊಡ್ಡ ಆಸ್ಪತ್ರೆಗೋ ಹೋಗಿರುತ್ತಾರೆ. ಇದರಲ್ಲಿ ಯಾರದೂ ಸೋಮಾರಿತನವಿಲ್ಲ. ಆದರೂ ತಡವಾಗಿ ಬಂದ ವರದಿಗಳನ್ನು ತಿಂಗಳಿಗೊಮ್ಮೆ ಒಟ್ಟುಗೂಡಿಸಿ, ‘ಈ ಹೋಬಳಿಯಲ್ಲಿ ಈ ತಿಂಗಳು ಇಷ್ಟು ಸ್ಕ್ರಬ್, ಇಷ್ಟು ಇಲಿ ಜ್ವರ’ ಎಂದು ವೈದ್ಯರ ಮೇಜಿನ ಮೇಲಿಟ್ಟರೆ, ಒಬ್ಬ ರೋಗಿಗೆ ತಡವಾದದ್ದು ಮುಂದಿನ ರೋಗಿಗೆ ಸಕಾಲದ್ದಾಗುತ್ತದೆ. ಬ್ಯಾಟರಿಯಲ್ಲಿ ನಡೆಯುವ, ಪಿಸಿಆರ್ ಬಗೆಯ ಟ್ರೂನ್ಯಾಟ್ ಯಂತ್ರ ಈಗ ಸಣ್ಣ ಆಸ್ಪತ್ರೆಗಳಿಗೂ ಬಂದಿದೆ, ಕ್ಷಯದ ಪತ್ತೆಗೆ ಅದು ಬಹಳ ಉಪಯೋಗವಾಗಿದೆ. ಜ್ವರಗಳಿಗೂ ಅಂಥದ್ದು ಬೇಕೆಂದು ನಾನೂ ಬಯಸುತ್ತೇನೆ. ಆದರೆ ಎಂಟನೆಯ ದಿನದ ರಕ್ತವನ್ನು ಮೊದಲ ವಾರದ ಪರೀಕ್ಷೆಗೆ ಹಾಕಿದರೆ ಯಂತ್ರವೂ ನನ್ನಂತೆಯೇ ‘ನೆಗೆಟಿವ್’ ಎಂದೀತು.

ಕಳೆದ ವರ್ಷ ನನ್ನ ಖರ್ಚಿನಲ್ಲೇ ಒಂದು ರಬ್ಬರ್ ಮೊಹರು ಮಾಡಿಸಿ ಚೀಟಿಗಳ ಮೇಲೆ ಒತ್ತತೊಡಗಿದೆ. ಅದರಲ್ಲಿ ಮೂರೇ ಸಾಲು: ಜ್ವರದ ದಿನ, ಕೆಲಸ, ಮೈ ನೋಡಿದೆಯೇ. ಆರಂಭದಲ್ಲಿ ಖಾಲಿ ಬರುತ್ತಿದ್ದ ಸಾಲುಗಳು ಈಗ ಅರ್ಧದಷ್ಟಾದರೂ ತುಂಬಿ ಬರುತ್ತವೆ. ಮೊನ್ನೆ ಹೊಸದಾಗಿ ಸೇರಿದ ಕಿರಿಯ ವೈದ್ಯೆಯ ಚೀಟಿಯಲ್ಲಿ ‘ದಿನ 4, ತೋಟದ ಕೆಲಸ, ಮೈ ನೋಡಿಲ್ಲ, ಪರದೆ ಒಗೆಯಲು ಹೋಗಿದೆ’ ಎಂದಿತ್ತು. ಫೋನ್ ಮಾಡಿದೆ, ಇಂಜೆಕ್ಷನ್ ಕೋಣೆಯ ಬಾಗಿಲು ಹಾಕಿ ದಾದಿಯೊಂದಿಗೆ ನೋಡಿದರಂತೆ, ಹಕ್ಕಳೆ ಇರಲಿಲ್ಲ. ಸೀರಮ್ಮನ್ನು ಎರಡು ಕೊಳವೆಗಳಿಗೆ ಹಂಚಿ, ಒಂದನ್ನು ಜಿಲ್ಲೆಗೆ ಕಳಿಸಿ, ಇನ್ನೊಂದರ ಮೇಲೆ ತಾರೀಖು ಬರೆದು ಫ್ರೀಜರಿನಲ್ಲಿ ಇಟ್ಟಿದ್ದೇನೆ. ಎರಡನೆಯ ರಕ್ತಕ್ಕೆ ರೋಗಿ ಬರಬೇಕಾದದ್ದು ಬರುವ ಗುರುವಾರ.